ಒಂದು ತಾಸಿನ ಕಿಟಕಿ

ನಿಪ್ಪಾಣಿ
೧೯ ಫೆಬ್ರುವರಿ ೧೯೮೮

ಪ್ರೀತಿಯ ಶಿವಗಂಗಾ,

ಇಲ್ಲಿ ನಾವೆಲ್ಲ ಆರಾಮ. ಅಥಣಿಯಲ್ಲಿ ನೀನು, ನಿನ್ನವರು, ಕೂಸು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಪತ್ರ ಬಂದು ತಿಂಗಳಾಯಿತು. ಪುರುಸೊತ್ತಿರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಪುರುಸೊತ್ತು ಬೇಕಾದಷ್ಟಿತ್ತು, ನಿನಗೆ ಬರೆಯುವ ಮುಖ ಇರಲಿಲ್ಲ. ಬೈಯುವುದಿದ್ದರೆ ಬೈದುಬಿಡು.

ಮೊದಲು ಒಳ್ಳೆಯ ಸುದ್ದಿ. ನಮ್ಮ ಸಾಕ್ಷ್ಯಚಿತ್ರವನ್ನು ಪುಣೆಯಲ್ಲಿ ತೋರಿಸಿದೆವು. ನೋಡಿದವರೆಲ್ಲ ಒಂದೇ ದೃಶ್ಯದ ಬಗ್ಗೆ ಮಾತಾಡಿದರು. ತಂಬಾಕು ಹಸನು ಮಾಡುವ ವಖಾರದೊಳಗೆ ಕಿಟಕಿಯಿಂದ ಬಿಸಿಲು ಬೀಳುತ್ತದೆ, ಬಿಸಿಲಲ್ಲಿ ಧೂಳು ತೇಲುತ್ತದೆ, ಕೆಂಚವ್ವ ಮೂಗಿಗೆ ಸೆರಗು ಬಿಗಿದುಕೊಂಡು ಜರಡಿ ಹಿಡಿಯುತ್ತಾಳಲ್ಲ, ಅದು. ಹಿರಿಯರೊಬ್ಬರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ನಾನೂ ಉಬ್ಬಿದೆ.

ಆ ಬಿಸಿಲು ಹೇಗೆ ಬಂತೆಂದು ನಿನಗೆ ಗೊತ್ತು. ವಖಾರದ ಕಿಟಕಿಗಳಿಗೆ ವರ್ಷವಿಡೀ ಮೊಳೆ. ಗಾಳಿಯಾಡಿದರೆ ಪುಡಿ ಹಾರಿಹೋಗುತ್ತದೆಂದು ಮಾಲೀಕ ರಾವಸಾಹೇಬರ ಕಟ್ಟಪ್ಪಣೆ. ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ನಾನು ಗೋಗರೆದೆ. "ಒಂದ್ ತಾಸ್ ಅಷ್ಟರೀ ಅಕ್ಕಾರ, ಆಮ್ಯಾಲ ಮೊದಲಿನಂಗ ಬಡಿಸಿಬಿಡ್ತೀನಿ" ಎಂದು ಒಪ್ಪಿದರು. ಮೊಳೆ ಕಿತ್ತ ಮೇಲೆ ಕಿಟಕಿಯ ಒಂದು ಬಾಗಿಲನ್ನು ನಾನು ಜಗ್ಗಿದೆ, ಇನ್ನೊಂದನ್ನು ನೀನು. "ಅಯ್ಯ, ಗಾಳಿ ಬಂತ್ ನೋಡ್ರೇ!" ಎಂದು ಕೆಂಚವ್ವ ಜರಡಿ ಕೆಳಗಿಟ್ಟು, ಸೆರಗು ಸಡಿಲಿಸಿ, ಕಿಟಕಿಗೆ ಮುಖ ಕೊಟ್ಟು ನಿಂತುಬಿಟ್ಟಳು. ತಡವಾಗುತ್ತದೆಂದು ನಾನೇ ಅವಳನ್ನು ಗದರಿಸಿ ಕೆಲಸಕ್ಕೆ ಕೂರಿಸಿದೆ.

ಈಗ ಇನ್ನೊಂದು ಸುದ್ದಿ. ಕಿಟಕಿ ತೆರೆಸಿಕೊಡಿ ಎಂದು ವಖಾರದ ಹೆಂಗಸರು ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಟ್ಟಿದ್ದರು. ನಮ್ಮ ಚಿತ್ರಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ ಎಂದು ನಾನೇ ಹುರುಪಿನಿಂದ ಪ್ರೊಜೆಕ್ಟರ್ ಒಯ್ದೆ. ಶಾಲೆಯ ಕೋಣೆಯಲ್ಲಿ ಹಗಲಿಗೇ ಕಂಬಳಿ ಕಟ್ಟಿ, ಕತ್ತಲು ಮಾಡಿ ಅಧಿಕಾರಿ, ಮಾಲೀಕರು, ಹೆಂಗಸರು ಎಲ್ಲರ ಮುಂದೆ ತೋರಿಸಿದೆವು. ಆ ದೃಶ್ಯ ಬಂದದ್ದೇ ತಡ, ರಾವಸಾಹೇಬರು ಎದ್ದು ನಿಂತರು.

"ಸಾಹೇಬ್ರ, ಕಿಟಕಿ ತೆರದೈತೋ ಮುಚ್ಚೈತೋ ನೀವ ಹೇಳ್ರಿ. ಇದು ನಾ ತಗದ ಪಿಚ್ಚರ್ ಅಲ್ರಿ, ಅವರದ."

"ಅವತ್ತೊಂದಿನ ಅಷ್ಟ ತಗದಿದ್ರರೀ!" ಎಂದು ಹೆಂಗಸರು ಕೂಗಿದರು. ಕೂಗಿದ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಅಧಿಕಾರಿ ಆಮೇಲೆ ವಖಾರಕ್ಕೂ ಹೋದರು. ಅವರು ಬರುವ ದಿನ ಮೊದಲೇ ತಿಳಿದಿತ್ತು, ಕಿಟಕಿ ತೆರೆದೇ ಇತ್ತು. ಕಳೆದ ವಾರ ಅರ್ಜಿ ವಜಾ ಆಯಿತು. ಮರುದಿನವೇ ಮೊಳೆ ಬಿದ್ದಿದೆ.

ಚಿತ್ರ ತೆಗೆದರೆ ಜನರ ಕಣ್ಣು ತೆರೆಯುತ್ತದೆಂದು ಕಾಲೇಜಿನ ಕಟ್ಟೆಯ ಮೇಲೆ ಕೂತು ಎಷ್ಟು ಭಾಷಣ ಬಿಗಿದಿದ್ದೆ, ನೆನಪಿದೆಯೇ? ನೀನು ಆಕಳಿಸುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ದುಃಖವೂ ಆಗುತ್ತದೆ.

ಕೂಸಿಗೆ ನನ್ನ ಮುತ್ತು. ಅದು ನೂರು ವರ್ಷ ಒಳ್ಳೆಯ ಗಾಳಿ ಉಸಿರಾಡಿಕೊಂಡು ಬೆಳೆಯಲಿ. ನಿನ್ನ ಅತ್ತೆಯವರಿಗೆ ನಮಸ್ಕಾರ ತಿಳಿಸು.

ನಿನ್ನ,
ಜಿನಮತಿ

ತಾ.ಕ.: ಮೇಲೆ ಒಂದು ಮಾತು ಬರೆಯದೆ ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ. ಅವತ್ತು ಹೆಂಗಸರು ಕೂಗಿದಾಗ ಅಧಿಕಾರಿ ನನ್ನತ್ತ ತಿರುಗಿ, "ನೀವು ಹೇಳಿ, ಕಿಟಕಿ ತೆಗೆಸಿದ್ದು ನೀವೇನು?" ಎಂದು ನೇರವಾಗಿ ಕೇಳಿದರು. ಚಿತ್ರವೇ ಕಟ್ಟುಕತೆ ಎಂದುಬಿಟ್ಟಾರು, ಪುಣೆಯವರ ಕಿವಿಗೂ ಬಿದ್ದೀತು ಎಂದು ಹೆದರಿದೆ. "ಇದ್ದದ್ದನ್ನು ಇದ್ದಹಾಗೆ ತೆಗೆದಿದ್ದೇವೆ" ಎಂದೆ. ಕೆಂಚವ್ವ ನನ್ನ ಪಕ್ಕದಲ್ಲೇ ಕೂತಿದ್ದಳು. ಒಮ್ಮೆ ನನ್ನ ಮುಖ ನೋಡಿದಳು.

ಅಧಿಕಾರಿಗೆ ನಿಜ ಬರೆದು, ಈ ಪತ್ರದ ಜೊತೆಗೇ ಟಪಾಲಿಗೆ ಹಾಕುತ್ತಿದ್ದೇನೆ. ಇನ್ನೊಂದು ಬಾಗಿಲು ಜಗ್ಗಿದವಳು ನೀನು, ನೀನೂ ಒಂದು ಪತ್ರ ಬರೆ.

ನಿನ್ನೆ ಸಂತೆಯಲ್ಲಿ ಕೆಂಚವ್ವ ಸಿಕ್ಕಿದ್ದಳು. ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ತನ್ನ ಕೆಮ್ಮು ನಿಲ್ಲುವತನಕ ನನ್ನ ಭುಜ ಹಿಡಿದುಕೊಂಡು ನಿಂತಳು. ಆಮೇಲೆ ಕೇಳಿದಳು: "ಅಕ್ಕಾರ, ಮತ್ ಯಾವಾಗ ಬರ್ತೀರಿ ಪಿಚ್ಚರ್ ತಗ್ಯಾಕ? ನೀವ್ ಬಂದ್ರ ಒಂದ್ ತಾಸರ ಕಿಟಕಿ ತಗೀತಾರ."