ಗಂಜಿ ಹಚ್ಚಿದ ಪುಟ

ಯಲಬುರ್ಗಾ ತಾಲೂಕು
ಭಾನುವಾರ, ೧–೧೨–೨೦೨೪

ಪ್ರೀತಿಯ ಹೇಮಾ ಅಕ್ಕೋರಿಗೆ,

ಸಾಲಿಯ ಅಡುಗೆಮನೆಯ ಮುದಕಮ್ಮ ಮಾಡುವ ನಮಸ್ಕಾರಗಳು. ನೀವು ಗಂಗಾವತಿಗೆ ವರ್ಗವಾಗಿ ಹೋಗಿ ಆರು ತಿಂಗಳಾಯಿತು. ಹೋದ ಕೂಡಲೇ ಬರೆಯುತ್ತೇನೆ ಎಂದಿದ್ದೆ, ಬರೆಯಲಿಲ್ಲ. ಐದನೆಯ ತರಗತಿಗೆ ಸಾಲಿ ಬಿಟ್ಟವಳ ಅಕ್ಷರ ನೋಡಿ ನೀವು ನಗುತ್ತೀರೇನೋ ಎಂಬ ನಾಚಿಕೆ ಮೊದಲು ಇತ್ತು. ಆಮೇಲೆ ಹೇಳಬೇಕಾದ ಸುದ್ದಿಯೇ ಕೆಟ್ಟದ್ದಾಯಿತು. ತಪ್ಪು ತಿಳಿಯಬೇಡಿ. ನಿಮ್ಮ ಕೂಸು ಈಗ ನಡೆಯುತ್ತಿರಬೇಕು.

ನೀವು ಹೇಳಿದಂತೆ ಶನಿವಾರ ಅಡುಗೆ ಇಳಿಸಿ ಮೂರನೆಯ ತರಗತಿಗೆ ಕಥೆ ಓದುತ್ತಿದ್ದೆ. ಮಕ್ಕಳ ಮುಖ ನೋಡಿದರೆ ನಾಲಿಗೆ ತೊದಲುತ್ತದೆಂದು ಗೋಡೆಯ ಕಡೆ ತಿರುಗಿ ಕೂಡುತ್ತಿದ್ದೆ. ‘ಮುದಕಮ್ಮಕ್ಕ ಗ್ವಾಡಿಗಿ ಕಥಿ ಹೇಳಾಕತ್ಯಾಳ, ಗ್ವಾಡಿ ಹೂಂ ಅನ್ನವಲ್ದು’ ಎಂದು ಗಾಳೇಶ ಎಲ್ಲರನ್ನೂ ನಗಿಸುತ್ತಿದ್ದ. ನಿಮ್ಮ ಪದ್ಧತಿ ಬಿಟ್ಟಿರಲಿಲ್ಲ. ಕಥೆ ಮುಗಿದ ಮೇಲೆ ಎದೆ ಭಾರವಾದವರು ಆ ಪುಸ್ತಕ ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡು ಕೂಡಬಹುದು. ಯಾಕೆ ಎಂದು ಯಾರೂ ಕೇಳಬಾರದು.

ಶ್ರಾವಣದಲ್ಲಿ ಆ ತರಗತಿಯ ಹುಲಿಗೆಮ್ಮನ ಅವ್ವ ನಾಟಿಗೆ ಹೋಗುತ್ತಿದ್ದ ಟಂಟಂ ಗಾಡಿ ಪಲ್ಟಿಯಾಯಿತು. ಊರೆಲ್ಲ ಆ ತಾಯಿಯ ಮಣ್ಣಿಗೆ ಹೋಗಿ ಬಂದೆವು. ಹುಡುಗಿಯನ್ನು ಮಾತ್ರ ಕುಷ್ಟಗಿಯ ಅತ್ತೆಯ ಮನೆಗೆ ಕಳಿಸಿದ್ದರು. ತಿರುಗಿ ಬಂದಾಗ ಅಜ್ಜಿ ದುರುಗವ್ವ, ‘ನಿಮ್ಮವ್ವ ವಿರೂಪಾಪುರಗಡ್ಡಿಗಿ ನಾಟಿಗಿ ಹೋಗ್ಯಾಳ, ಬರತಾಳ’ ಎಂದಳು. ಹುಡುಗಿ ಏನೂ ಕೇಳಲಿಲ್ಲ. ಅಂದಿನಿಂದ ಮಾತೇ ಬಿಟ್ಟಳು.

ನಿಮ್ಮ ಪೆಟ್ಟಿಗೆಯಲ್ಲಿ ಗೀಜಗನ ಮರಿಯ ಪುಸ್ತಕ ಇತ್ತಲ್ಲ. ‘ಅವ್ವ ಇಲ್ಲದ ಹುಡುಗರಿದ್ರ ಇದನ್ನ ಪೂರ್ತಿ ಓದವಾ. ಕಡೀ ಪುಟ ಬಿಡಬ್ಯಾಡ. ಅಳ್ಳಿ, ಅಳಾಕ ಐತಿ ಅದು’ ಎಂದು ಹೇಳಿ ಹೋಗಿದ್ದಿರಿ. ಆ ಪುಟದಲ್ಲಿ ತಾಯಿಹಕ್ಕಿ ಮರದ ಕೆಳಗೆ ಬಿದ್ದಿದೆ, ಮರಿ ಅಳುತ್ತಿದೆ, ಪಕ್ಕದ ಗೂಡಿನ ಹಕ್ಕಿ ಬಂದು ರೆಕ್ಕೆ ಹೊದಿಸುತ್ತದೆ. ನನ್ನಿಂದ ಆಗಲಿಲ್ಲ ಅಕ್ಕೋರೇ. ಅನ್ನದ ಗಂಜಿ ಹಚ್ಚಿ ಕೊನೆಯ ಎರಡು ಹಾಳೆ ಅಂಟಿಸಿಬಿಟ್ಟೆ. ಮರಿ ತಾಯಿಯ ದಾರಿ ಕಾಯುವ ಚಿತ್ರಕ್ಕೇ ಕಥೆ ನಿಲ್ಲಿಸಿದೆ.

‘ಬರತೈತೇನು?’ ಎಂದು ಹಿಂದಿನಿಂದ ಯಾರೋ ಕೇಳಿದರು. ಹುಲಿಗೆಮ್ಮ. ತಿಂಗಳೊಪ್ಪತ್ತಿನ ಮೇಲೆ ಅವಳು ಆಡಿದ ಮೊದಲ ಮಾತು.

‘ಬರತೈತಿ’ ಎಂದೆ.

ಅಂದು ಎರಡು ಸಲ ಅನ್ನ ಹಾಕಿಸಿಕೊಂಡಳು. ಮುಂದಿನ ವಾರದಿಂದ ಸಾಲಿಯಲ್ಲಿ ಕೊಡುವ ತತ್ತಿಯನ್ನು ತಿನ್ನದೆ ಪಾಟಿಚೀಲದಲ್ಲಿ ಇಡತೊಡಗಿದಳು. ‘ಯಾರಿಗವಾ?’ ಎಂದರೆ, ‘ಅವ್ವ ಬರತಾಳಲ್ಲ’ ಎಂದಳು. ಆಗಲಾದರೂ ಹೇಳಬೇಕಿತ್ತು. ಚೀಲ ನಾರತೊಡಗಿದಾಗ ತೊಳೆದು ಒಣಗಿಸಿ ಕೊಟ್ಟೆ, ಅಷ್ಟೇ.

ಹೋದ ತಿಂಗಳು ಗಾಳೇಶ ಹಾಳೆಯನ್ನು ಬಿಸಿಲಿಗೆ ಹಿಡಿದು, ‘ಇದರೊಳಗ ಇನ್ನೊಂದ ಚಿತ್ರ ಐತಲೇ. ಹಕ್ಕಿ ಸತ್ತ ಬಿದ್ದೈತಿ’ ಎಂದ. ಹುಲಿಗೆಮ್ಮ ಪುಸ್ತಕ ಕಸಿದುಕೊಂಡು ಕೈ ತೊಳೆಯುವ ನಳದ ಕೆಳಗೆ ಹಿಡಿದಳು. ನೆನೆಸಿ ಬಿಡಿಸುವಾಗ ಚಿತ್ರ ಹರಿಯಿತು. ತಾಯಿಹಕ್ಕಿಯ ಒಂದು ರೆಕ್ಕೆ ಈ ಹಾಳೆಗೆ ಹೋಯಿತು, ಇನ್ನೊಂದು ಆ ಹಾಳೆಗೆ. ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಚೀಲದಿಂದ ತತ್ತಿ ತೆಗೆದು ನನ್ನ ಒಲೆಯ ಮುಂದೆ ಇಟ್ಟು ಮನೆಗೆ ಹೋದಳು. ಮತ್ತೆ ಸಾಲಿಗೆ ಬಂದಿಲ್ಲ.

‘ಕಥಿ ಕೇಳಿ ಹುಡುಗಿ ಸಾಲಿ ಬಿಟ್ಲು. ಇನ್ನ ಸಾಕು ಮುದಕಮ್ಮ, ನೀ ಒಲಿ ನೋಡಿಕೋ’ ಎಂದು ಹೆಡ್‌ಮಾಸ್ತರ್ ತಿರುಮಲೇಶ ಸರ್ ಪೆಟ್ಟಿಗೆಗೆ ಕೀಲಿ ಹಾಕಿದರು. ತಪ್ಪು ಪುಸ್ತಕದ್ದಲ್ಲ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ.

ಆ ಹರಿದ ಪುಸ್ತಕ ನನ್ನ ಬಳಿಯೇ ಉಳಿದಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವರ ಮನೆಗೆ ಹೋದೆ. ‘ಉಣ್ಣವಲ್ಲಳು, ಮಾತಾಡವಲ್ಲಳು. ನೀನರ ಏನರ ಹೇಳವಾ’ ಎಂದಳು ದುರುಗವ್ವ. ಹುಲಿಗೆಮ್ಮ ನನ್ನನ್ನು ನೋಡಿ ಒಂದೇ ಮಾತು ಕೇಳಿದಳು:

‘ನಿನಗ ಮೊದ್ಲ ಗೊತ್ತಿತ್ತೇನಕ್ಕ?’

‘ಹೂಂ’ ಎಂದೆ.

ಗೋಡೆಯ ಕಡೆ ಹೊರಳಿ ಮಲಗಿದಳು. ಅವಳ ಬೆನ್ನ ಹಿಂದೆ ಕುಳಿತು ಓದತೊಡಗಿದೆ. ಮರಿ ದಾರಿ ಕಾಯುವವರೆಗೆ ಓದಿದೆ. ಮುಂದಿನ ಸಾಲು ಬಾಯಿಗೆ ಬರಲಿಲ್ಲ. ಪುಸ್ತಕ ಮುಚ್ಚಿಕೊಂಡು ಎದ್ದು ಬಂದೆ.

ನಾಳೆ ಅಜ್ಜಿ ಭತ್ತದ ಕೊಯ್ಲಿಗೆ ಸಾಣಾಪುರಕ್ಕೆ ಹೋಗುವಾಗ ಅವಳನ್ನೂ ಕರೆದೊಯ್ಯುತ್ತಾಳಂತೆ. ಅವಳು ತಿರುಗಿ ಸಾಲಿಗೆ ಬರುತ್ತಾಳೆಂದು ನನಗೆ ಅನ್ನಿಸುವುದಿಲ್ಲ. ನೀವು ಬಂದು ನೋಡಿ ಎಂದೂ ಕೇಳುವುದಿಲ್ಲ. ನಿಮ್ಮ ಮಾತು ಮೀರಿದೆ ಎಂದು ತಿಳಿಸುವುದಷ್ಟೇ ಉಳಿದಿತ್ತು.

ನಿಮ್ಮ ಕೂಸು ನೂರು ವರ್ಷ ಬಾಳಲಿ. ಅದಕ್ಕೆ ಕಥೆ ಓದುವಾಗ ಒಂದು ಪುಟವನ್ನೂ ಬಿಡಬೇಡಿ.

ನಿಮ್ಮ
ಮುದಕಮ್ಮ

ತಾಜಾ ಕಲಂ: ಹುಡುಗಿಯ ಮೇಲಿನ ಕರುಣೆಯಿಂದ ಪುಟ ಅಂಟಿಸಿದೆ ಎಂದು ತಿಳಿಯಬೇಡಿ. ನಾನು ಐದನೆಯ ತರಗತಿಯಲ್ಲಿದ್ದಾಗ ನನಗೂ ಮನೆಯಲ್ಲಿ ‘ಅವ್ವ ಊರಿಗಿ ಹೋಗ್ಯಾಳ’ ಎಂದಿದ್ದರು. ನಾನು ತಿರುಗಿ ಕೇಳಲಿಲ್ಲ, ಸಾಲಿಗೂ ಹೋಗಲಿಲ್ಲ. ಹನ್ನೊಂದು ವರ್ಷವಾಯಿತು. ನಮ್ಮ ಅವ್ವ ಸತ್ತಳು ಎಂದು ಬರೆಯುತ್ತಿರುವುದು ಇದೇ ಮೊದಲು. ಬಾಯಿಂದ ಇನ್ನೂ ಬಂದಿಲ್ಲ. ಒಂದು ಶನಿವಾರ ನೀವು ಆ ಪುಸ್ತಕ ನನ್ನತ್ತ ಚಾಚಿ, ‘ನಿನಗೂ ಬೇಕೇನವಾ?’ ಎಂದು ಕೇಳಿದ್ದಿರಿ. ಅನ್ನ ಸೀಯುತ್ತದೆ ಎಂದು ಹೇಳಿ ನಾನು ಎದ್ದು ಹೋಗಿದ್ದೆ. ಅನ್ನ ಆಗಲೇ ಇಳಿಸಿಯಾಗಿತ್ತು.