ಅಣ್ಣನ ಗಾಡಿಯ ಸ್ಟೀರಿಂಗ್

ಮಾರ್ಚ್ 3, ಬೆಳಿಗ್ಗೆ 10

ಸ್ಟೀರಿಂಗ್ ಚಕ್ರದಲ್ಲಿ ಮತ್ತೆ ಆರು ಬಿರುಕು ಸಿಕ್ಕಿದವು. ಒಟ್ಟು ಹದಿನಾಲ್ಕು. ಅರವತ್ತು ವರ್ಷದ ಕಾರು, ಗಟ್ಟಿ ರಬ್ಬರು ಬಿಸಿಲಿಗೆ ಬಾಯಿ ಬಿಟ್ಟಿದೆ. ಪ್ರತಿ ಬಿರುಕನ್ನೂ ಅರದಿಂದ ಇನ್ನಷ್ಟು ಅಗಲ ಮಾಡಬೇಕು. ನೋಡಿದವರು ಹುಚ್ಚ ಎಂದಾರು. ಆದರೆ ಹಾಗೆ ಮಾಡದಿದ್ದರೆ ಎಪಾಕ್ಸಿ ಅಂಟು ಹಿಡಿಯುವುದಿಲ್ಲ.

ಅತ್ತಿಗೆ ಬಂದಿದ್ದರು. ಕೂರಲೂ ಇಲ್ಲ.

“ಹೇಗಿದೆಯೋ ಹಾಗೇ ಕೊಡಪ್ಪ. ನಿಮ್ಮಣ್ಣ ದಿನಾ ‘ನನ್ನ ಗಾಡಿ, ನನ್ನ ಗಾಡಿ’ ಅಂತಾರೆ. ಗೊತ್ತಿರೋ ವಸ್ತು ಕೈಗೆ ಕೊಡಿ ಅಂದಿದಾರೆ ಡಾಕ್ಟ್ರು. ಇನ್ನೊಂದು ತಿಂಗಳು ನೆನಪು ಉಳಿದ್ರೆ ಹೆಚ್ಚಂತೆ.”

“ಕೈ ಕುಯ್ಯುತ್ತೆ ಅತ್ತಿಗೆ. ಮೂವತ್ತು ವರ್ಷ ಇದೇ ಕೆಲಸ ಮಾಡಿ, ಸ್ವಂತ ಅಣ್ಣನಿಗೆ ಒಡಕಲು ಕೊಡ್ಲಾ? ಹತ್ತು ದಿನ ಅಷ್ಟೇ.”

ಚಪ್ಪಲಿ ಮೆಟ್ಟಿ ಹೊರಟರು. ನನ್ನ ಹಟ ಅವರಿಗೆ ಹೊಸದಲ್ಲ.

ಮಾರ್ಚ್ 4

ಅಣ್ಣನನ್ನು ನೋಡಿ ಬಂದೆ. ತಲೆಯೊಳಗಿನ ಗೆಡ್ಡೆ ಮೊದಲು ಕಣ್ಣು ತಿಂದಿತು, ಈಗ ನೆನಪಿಗೆ ಕೈ ಹಾಕಿದೆ. “ಯಾರು ಬಂದಿರೋದು?” ಎಂದ. “ನಾನು ಕಣೋ.” “ಕೂತ್ಕೊಳ್ಳಿ.”

ಕೂತ್ಕೊಳ್ಳಿ! ಕಿವಿ ಹಿಂಡಿ ನನಗೆ ಗೇರ್ ಹಾಕಲು ಕಲಿಸಿದವನು.

ಅಳು ಬಂತು. ಅವನ ಹೊದಿಕೆ ಸರಿಮಾಡಿ ಎದ್ದೆ.

ಮಾರ್ಚ್ 9, ಮಧ್ಯಾಹ್ನ

ಎಡವಟ್ಟು. ಬೇಗ ಒಣಗಲಿ ಎಂದು ಎಪಾಕ್ಸಿಗೆ ಬೆರೆಸುವ ಹಾರ್ಡನರ್ ಜಾಸ್ತಿ ಸುರಿದಿದ್ದೆ. ಏಳು ಕಡೆ ಮತ್ತೆ ಸೀಳಿದೆ. ಹೊಸಬರು ಹೀಗೆ ಮಾಡಿದರೆ ಬೈಯುತ್ತಿದ್ದೆ. ಎಲ್ಲ ಕೆರೆದು ತೆಗೆದೆ. ಮೊದಲಿನಿಂದ ಶುರು.

ಅತ್ತಿಗೆಯ ಫೋನು ಎರಡು ಸಲ. ಎತ್ತಲಿಲ್ಲ.

ಮಾರ್ಚ್ 17

ಮೂರನೇ ಕೋಟ್ ಕಪ್ಪು ಬಣ್ಣ. ಪಕ್ಕದ ಅಂಗಡಿಯ ಟೈಲರ್ ಬಗ್ಗಿ ನೋಡಿ, “ಶೋರೂಮಿಂದ ತಂದ್ರಾ?” ಎಂದ. ಉಬ್ಬಿಹೋದೆ, ಸುಳ್ಳೇಕೆ ಹೇಳಲಿ.

ಹನ್ನೊಂದಕ್ಕೆ ಅತ್ತಿಗೆಯ ಫೋನು. “ಈಗ್ಲೇ ಬಾ. ಇವತ್ತು ನನ್ನ ಹೆಸರು ಹಿಡಿದು ಕರೆದ್ರು. ನಿನ್ನೂ ಕೇಳಿದ್ರು.”

ಬಣ್ಣ ಹಸಿ. ಬೆರಳಿಟ್ಟರೆ ಗುರುತು ಬೀಳುತ್ತದೆ. ಪಾಲಿಶ್ ಬೇರೆ ಬಾಕಿ... “ನಾಡಿದ್ದು ತರ್ತೀನಿ” ಎಂದೆ.

ಮಾರ್ಚ್ 19, ಸಂಜೆ 6

ಕೊಟ್ಟೆ.

ಅಣ್ಣನನ್ನು ದಿಂಬಿಗೆ ಒರಗಿಸಿ ಚಕ್ರವನ್ನು ತೊಡೆಯ ಮೇಲಿಟ್ಟೆವು. ಎರಡೂ ಕೈ ತಾವಾಗಿಯೇ ಜಾಗ ಹಿಡಿದವು. ನಕ್ಕ. ಅತ್ತಿಗೆ ನನ್ನ ತೋಳು ಗಟ್ಟಿಯಾಗಿ ಹಿಡಿದರು.

ಆಮೇಲೆ ಎಡಗೈ ಹೆಬ್ಬೆರಳು ಹುಡುಕಲು ಶುರು ಮಾಡಿತು. ಹಿಂದೆ, ಮುಂದೆ. ಚಕ್ರವನ್ನು ಒಂದು ಸುತ್ತು ತಿರುಗಿಸಿ ತಡವಿದ. ಇನ್ನೊಂದು ಸುತ್ತು. ಬೆಣ್ಣೆಯ ಹಾಗೆ ನುಣ್ಣಗೆ ಮಾಡಿಟ್ಟಿದ್ದೆನಲ್ಲ, ಏನು ಸಿಗಬೇಕು?

“ಇದು ನಂದಲ್ಲ.”

“ನಿಂದೇ ಕಣೋ. ರಿಪೇರಿ ಮಾಡಿದೀನಿ.”

“ನಂದು ಒಡೆದಿತ್ತು. ತಮ್ಮನ ಹತ್ರ ಇದೆ, ಅವನು ತರ್ತಾನೆ.” ಮೆಲ್ಲಗೆ ನನ್ನತ್ತ ತಳ್ಳಿದ. “ಇದು ಯಾರದೋ, ಅವರಿಗೆ ವಾಪಸ್ ಕೊಟ್ಬಿಡಿ. ಪಾಪ, ಹುಡುಕ್ತಿರ್ತಾರೆ.”

ಅತ್ತಿಗೆ ತೋಳು ಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 20

ಅರ ಹಿಡಿದು ಕೂತೆ. ಬಿರುಕು ವಾಪಸ್ ಕೊರೆಯೋಣ ಎಂದು. ಎಲ್ಲಿ? ಹದಿನಾಲ್ಕರಲ್ಲಿ ಅವನ ಹೆಬ್ಬೆರಳಿನದು ಯಾವುದು? ಎಲ್ಲದರ ಅಗಲ, ಆಳ ಬರೆದಿಟ್ಟಿದ್ದೇನೆ. ಅವನ ಬೆರಳು ಯಾವುದರಲ್ಲಿ ಕೂರುತ್ತಿತ್ತು ಎಂಬುದನ್ನು ಮಾತ್ರ ನೋಡಿಯೇ ಇರಲಿಲ್ಲ. ಎರಡು ಕಡೆ ಗೀರಿದೆ. ಗೀರು ಗೀರಿನಂತೆಯೇ ಇದೆ. ಕೈ ಬಿಟ್ಟೆ.

ಮಾರ್ಚ್ 29

ಶಟರ್ ಎತ್ತಿಲ್ಲ. ಯಾರ ಕೆಲಸವೂ ಬೇಡ.

ಅತ್ತಿಗೆ ಫೋನ್ ಮಾಡಿದ್ದರು. ಊಟ ಬಿಟ್ಟಿದ್ದಾನಂತೆ. ಬಾಗಿಲು ಸದ್ದಾದಾಗಲೆಲ್ಲ “ತಮ್ಮ ಬಂದ್ನಾ?” ಎನ್ನುತ್ತಾನಂತೆ. “ಬರ್ತಾನೆ ಅಂತ ಹೇಳ್ತಿದೀನಿ. ಮತ್ತೇನು ಹೇಳ್ಲಿ, ನೀನೇ ಹೇಳು.”

ಏಪ್ರಿಲ್ 2, ಸಂಜೆ 4

ಬರಿಗೈಯಲ್ಲಿ ಹೋದೆ. ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡೆ.

“ಯಾರು?”

ನಾನು ಎಂದು ಎಷ್ಟು ಸಲ ಹೇಳಲಿ... “ನಿಮ್ಮ ತಮ್ಮ ಕಳ್ಸಿದ್ದು” ಎಂದೆ.

ಮುಖ ಅರಳಿತು. ಈ ಒಂದು ತಿಂಗಳಲ್ಲಿ ಮೊದಲ ಸಲ ನನ್ನ ಕೈ ಹಿಡಿದ.

“ಹೌದಾ? ಯಾವಾಗ ಬರ್ತಾನಂತೆ?”

“ನಾಡಿದ್ದು ಬರ್ತಾನಂತೆ” ಎಂದೆ, ಅವನ ಕೈ ಬಿಡದೆ.