ನಮ್ಮ ಬೀರು ಹಾರುವುದಿಲ್ಲ ಎಂಬ ಬಗ್ಗೆ

ನಾಟಕ ಪ್ರದರ್ಶನ ಪರವಾನಗಿ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಹೊಲಿಗೆ ಅಂಗಡಿಯ ಮಹಡಿಯಲ್ಲಿ, ನಲವತ್ತು ಕುರ್ಚಿಗಳ ಮುಂದೆ, ಇದೇ ಹದಿನಾರರಂದು ಆಡಬೇಕಿದ್ದ ನಾಟಕಕ್ಕೆ ತಾವು ಅನುಮತಿ ನಿರಾಕರಿಸಿದ್ದೀರಿ. ಕಾರಣ, ನಮ್ಮ ರಾಕೆಟ್ಟಿಗೆ ಸುರಕ್ಷತಾ ಪ್ರಮಾಣಪತ್ರವಿಲ್ಲ. ಜನರ ಪ್ರಾಣದ ಮೇಲೆ ತಮಗಿರುವ ಕಾಳಜಿಗೆ ತಲೆಬಾಗುತ್ತೇನೆ. ಆದರೆ ಆ ರಾಕೆಟ್ಟು ನಮ್ಮ ಅಕ್ಕ ಮದುವೆಯಾದ ವರ್ಷ ಕೊಂಡ ಬೀರು. ಬಾಗಿಲು ಕಿತ್ತುಹೋಗಿದೆ. ಇಪ್ಪತ್ತೆಂಟು ವರ್ಷಗಳಲ್ಲಿ ಅದು ಒಮ್ಮೆಯೂ ಹಾರಿದ್ದಿಲ್ಲ. ಮಹಡಿ ಹತ್ತಿಸಲಿಕ್ಕೇ ನಾಲ್ಕು ಜನ ಬೇಕಾಯಿತು. ಹಾರದ ಬೀರುವಿಗೆ ಹಾರಾಟದ ಪ್ರಮಾಣಪತ್ರ ಕೊಡುವ ಇಲಾಖೆ ಯಾವುದು, ದಯವಿಟ್ಟು ತಿಳಿಸಿ.

ತಪ್ಪು ನನ್ನದೇ, ಒಪ್ಪುತ್ತೇನೆ. ನಮ್ಮ ತಂಡದಲ್ಲಿ ಒಂದು ಕಟ್ಟುಪಾಡಿದೆ: ತಾಲೀಮು ಶುರುವಾದ ಮೇಲೆ ಯಾವ ವಸ್ತುವನ್ನೂ ಅದರ ಮನೆಯ ಹೆಸರಿನಿಂದ ಕರೆಯಬಾರದು. ಬೀರು ಎಂದವರು ಎಲ್ಲರಿಗೂ ಚಹಾ ಮಾಡಬೇಕು. ಎರಡು ತಿಂಗಳು ಚಹಾ ಮಾಡಿ ಕೈಸೋತ ನಾನು ತಮಗೆ ಸಲ್ಲಿಸಿದ ಅರ್ಜಿಯ ರಂಗಸಾಮಗ್ರಿ ಪಟ್ಟಿಯಲ್ಲೂ ಅಭ್ಯಾಸಬಲದಿಂದ ‘ರಾಕೆಟ್ – ಒಂದು, ಯಂತ್ರಮಾನವ – ಒಂದು’ ಎಂದು ಬರೆದೆ. ಯಂತ್ರಮಾನವನ ಖರೀದಿ ರಸೀದಿ ಲಗತ್ತಿಸಿ ಎಂದು ತಮ್ಮ ಕಚೇರಿ ಕೇಳಿತು. ಆ ಪಾತ್ರ ನಮ್ಮ ಭಾವನದು. ವಿಷಯ ತಿಳಿಸಿದಾಗ ಅವರು ಕನ್ನಡಕ ಒರೆಸುತ್ತ, “ರಸೀದಿ ಇದ್ರೆ ನಿಮ್ಮಕ್ಕನ ಹತ್ರಾನೇ ಇರ್ಬೇಕು, ಕೇಳು” ಎಂದರು.

ಪಟ್ಟಿ ತಿದ್ದಿ, ‘ಬೀರು – ಒಂದು, ಭಾವ – ಒಂದು’ ಎಂದು ಬರೆದುಕೊಂಡು ಮತ್ತೆ ಬಂದೆ. ತಮ್ಮ ಗುಮಾಸ್ತರು ನಾಟಕದ ಪ್ರತಿಯನ್ನೂ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ನಾಟಕದಲ್ಲಿ ರಾಕೆಟ್ಟಿದೆ, ಪಟ್ಟಿಯಲ್ಲಿಲ್ಲ, ಮಾಹಿತಿ ಮುಚ್ಚಿಟ್ಟಿದ್ದೀರಿ ಎಂದರು. ಅತ್ತ ದರಿ ಇತ್ತ ಪುಲಿ. ಮುಂದಿನ ಪರಿಶೀಲನೆ ಇಪ್ಪತ್ತಮೂರಕ್ಕಂತೆ. “ಒಂದು ವಾರ ತಡ ಆದ್ರೆ ನಿಮ್ಮ ಗಂಟೇನು ಹೋಗುತ್ತೆ?” ಎಂದೂ ಕೇಳಿದರು.

ಹೋಗುವುದೇನೆಂದು ಹೇಳುತ್ತೇನೆ. ಆ ರಾಕೆಟ್ಟಿನಲ್ಲಿ ಕೂರುವವಳು ಅಕ್ಕ. ಹದಿನೆಂಟಕ್ಕೆ ಅವಳ ಗಂಟಲಿನ ಶಸ್ತ್ರಚಿಕಿತ್ಸೆ. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು ಎಂದು ವೈದ್ಯರು ಹೇಳಿದ್ದಾರೆ. ನಾಟಕದಲ್ಲಿ ಅವಳದು ಇನ್ನೂರು ವರ್ಷಗಳಾಚೆ ಭೂಮಿ ಬಿಟ್ಟು ಹೊರಡುವ ಕೊನೆಯ ಹೆಂಗಸಿನ ಪಾತ್ರ. ಮುಂದೆ ಯಾರಾದರೂ ಕೇಳಿಸಿಕೊಂಡಾರೆಂದು ತನ್ನ ದನಿ ಮುದ್ರಿಸಿಟ್ಟು ಹೋಗುತ್ತಾಳೆ. ಅದಕ್ಕೆಂದು ನಾನು ಬರೆದ ಮಾತು ಒಂದೂವರೆ ಪುಟ. ನಿನ್ನೆಯ ತಾಲೀಮಿನಲ್ಲಿ ಅಕ್ಕ ಅಷ್ಟನ್ನೂ ಬಿಟ್ಟು ಒಂದೇ ಮಾತು ಹೇಳಿದಳು: “ಎಲ್ಲರದ್ದೂ ಊಟ ಆಯ್ತಾ?” ಯಂತ್ರಮಾನವ ಅಳುವಂತಿಲ್ಲ ಎಂದು ಪ್ರತಿಯಲ್ಲಿ ಸ್ಪಷ್ಟವಾಗಿದೆ. ಭಾವ ಅದನ್ನು ಪಾಲಿಸಲಿಲ್ಲ. ನನಗೂ ತಡೆದುಕೊಳ್ಳಲಾಗಲಿಲ್ಲ.

ಮಾನ್ಯರೇ, ಇಪ್ಪತ್ತಮೂರಕ್ಕೆ ಬೀರು ಇರುತ್ತದೆ, ಭಾವ ಇರುತ್ತಾರೆ, ದೇವರು ದೊಡ್ಡವನು, ಅಕ್ಕನೂ ಇರುತ್ತಾಳೆ. ಅವಳ ದನಿ ಇರುವುದಿಲ್ಲ. ಅನುಮತಿ ಹದಿನಾರಕ್ಕೇ ಬೇಕು. ಮುಂದಿನ ಸಾಲಿನ ಮೊದಲ ಕುರ್ಚಿ ತಮಗೆ ಕಾದಿರಿಸಿದ್ದೇವೆ. ರಾಕೆಟ್ಟು ಹಾರಿದರೆ ತಾವೇ ಹಿಡಿದು ನಿಲ್ಲಿಸಬಹುದು. ಅಕ್ಕ ಕೇಳಿದಾಗ ‘ಆಯ್ತು’ ಎನ್ನಲು ಎದುರಿಗೆ ನಲವತ್ತು ಜನ ಇರಬೇಕು, ಅಷ್ಟೇ.

ಇಂತಿ,
ಈ ಪತ್ರದಲ್ಲಿ ಬೀರು ಎಂದದ್ದಕ್ಕೆಲ್ಲ ಚಹಾ ಮಾಡಲು ಹೊರಟಿರುವ,
ಒಬ್ಬ ದರ್ಜಿ